ಆ ಹೊತ್ತಿಗೆ ಆ ಪಾತ್ರಕ್ಕೆ ಏನು ಗೊತ್ತಿತ್ತು?

ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವುದು ನನ್ನ ಕೆಲಸ. ಅದರ ಜೊತೆಗೆ ಮಕ್ಕಳ ವಿಜ್ಞಾನ ನಾಟಕ ಸ್ಪರ್ಧೆಗಳಿಗೆ ನಾಟಕ ಬರೆದುಕೊಡುತ್ತೇನೆ, ಹವ್ಯಾಸಿ ತಂಡದಲ್ಲಿ ಪಾತ್ರವನ್ನೂ ಮಾಡುತ್ತೇನೆ. ವೈಜ್ಞಾನಿಕ ಕಲ್ಪನೆಯ ಹಳೆಯ ಚಲನಚಿತ್ರಗಳನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವ ಅಭ್ಯಾಸ ಹತ್ತಿದ್ದು ಈ ನಾಟಕದ ದೆಸೆಯಿಂದಲೇ. ಚಿತ್ರ ಮುಗಿದ ಕೂಡಲೇ ಯಾರಾದರೊಬ್ಬರು "ಇದರಲ್ಲಿ ಲಾಜಿಕ್ಕೇ ಇಲ್ಲ" ಎಂದು ತೀರ್ಪು ಕೊಟ್ಟು ಎದ್ದುಬಿಡುತ್ತಾರೆ. ಹಾಗೆ ಎದ್ದು ಹೋಗುವುದನ್ನು ನಾನು ಒಪ್ಪುವುದಿಲ್ಲ. ಲಾಜಿಕ್ ಇಲ್ಲವೆನ್ನುವುದಾದರೆ ಎಲ್ಲಿ ಇಲ್ಲ, ಯಾರ ಲಾಜಿಕ್ ಇಲ್ಲ, ಬೆರಳಿಟ್ಟು ತೋರಿಸಬೇಕು.

ಭಾನುವಾರ ಮಧ್ಯಾಹ್ನ ಜೋಗಿಮಟ್ಟಿ ರಸ್ತೆಯ ನಮ್ಮ ಮನೆಯ ಮಹಡಿಯಲ್ಲಿ ಸೇರುತ್ತೇವೆ. ಕೆಲವರು ಶಿಕ್ಷಕರು, ಕೆಲವರು ನಾಟಕದ ಗೆಳೆಯರು, ಉಳಿದವರು ಈಗ ಪದವಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು. ಮೊದಲ ಸಲ ಚಿತ್ರವನ್ನು ಎಲ್ಲಿಯೂ ನಿಲ್ಲಿಸದೆ ನೋಡುತ್ತೇವೆ; ಆಗ ಯಾರೂ ತಪ್ಪು ಹುಡುಕಕೂಡದು. ಎರಡನೆಯ ಸಲ ನೋಡುವ ಮೊದಲು ಒಬ್ಬೊಬ್ಬರಿಗೆ ಒಂದೊಂದು ಪಾತ್ರವನ್ನು ಹಂಚುತ್ತೇನೆ. ಪ್ರತಿಯೊಬ್ಬರ ಕೈಯಲ್ಲಿಯೂ ಉದ್ದನೆಯ ನೋಟ್‌ಬುಕ್ಕು. ಪುಟದ ಎಡಗಡೆ ಚಿತ್ರದ ಸಮಯ, ನಡುವೆ ಆ ಪಾತ್ರಕ್ಕೆ ಆ ಹೊತ್ತಿಗೆ ಗೊತ್ತಿರುವ ಸಂಗತಿ, ಬಲಗಡೆ ಆ ಹೊತ್ತಿಗೆ ಅದಕ್ಕೆ ಬೇಕಾಗಿರುವುದು. ಕ್ಯಾಮೆರಾ ನಮಗೆ ಮಾತ್ರ ತೋರಿಸಿದ್ದನ್ನು, ಆ ಪಾತ್ರ ಕಾಣದೇ ಇದ್ದದ್ದನ್ನು, ನಡುವಿನ ಅಂಕಣದಲ್ಲಿ ಬರೆಯುವಂತಿಲ್ಲ. ಕಟ್ಟುನಿಟ್ಟು ಎಂದರೆ ಇದೊಂದೇ.

ಈ ಕ್ರಮ ನನಗೆ ಬಂದದ್ದು ರಂಗಭೂಮಿಯಿಂದ. ನಮ್ಮ ಜಿಲ್ಲೆಯವರಿಗೆ ಸಾಣೇಹಳ್ಳಿಯ ನಾಟಕಗಳ ರುಚಿ ಹತ್ತಿರುವುದರಿಂದ ತಾಲೀಮು ಹೇಗೆ ನಡೆಯುತ್ತದೆ ಎಂಬುದು ಬಹಳ ಮಂದಿಗೆ ಗೊತ್ತು. ನಟ ರಂಗದ ಮೇಲೆ ಬಂದು ನಿಂತ ಕೂಡಲೇ ನಿರ್ದೇಶಕರು ಕೇಳುತ್ತಾರೆ: "ನೀನು ಈಗ ಯಾಕೆ ಬಂದೆ?" ಬರೆದಿದೆ, ಅದಕ್ಕೆ ಬಂದೆ ಎಂದರೆ ಅವರು ಒಪ್ಪುವುದಿಲ್ಲ. ಅದೇ ಪ್ರಶ್ನೆಯನ್ನು ಪರದೆಯ ಮೇಲಿನವರಿಗೆ ಕೇಳಿದರೆ, ತೂತು ಎಂದು ಜನ ದೂರುವ ಎಷ್ಟೋ ಜಾಗಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮುಚ್ಚಿಕೊಳ್ಳದೆ ಉಳಿದವೇ ನಿಜವಾದ ತೂತುಗಳು.

ಸ್ಟಾನ್ಲಿ ಕುಬ್ರಿಕ್ ಅವರ 1968ರ '2001: ಎ ಸ್ಪೇಸ್ ಒಡಿಸ್ಸಿ'ಯನ್ನೇ ತೆಗೆದುಕೊಳ್ಳಿ. ನೌಕೆಯ ಗಣಕ ಹ್ಯಾಲ್ 9000, ಸಂಪರ್ಕ ಆಂಟೆನಾದ ಒಂದು ಘಟಕ 72 ಗಂಟೆಯೊಳಗೆ ಕೆಟ್ಟುಹೋಗುತ್ತದೆ ಎನ್ನುತ್ತದೆ. ತೆಗೆದು ಪರೀಕ್ಷಿಸಿದರೆ ಅದರಲ್ಲಿ ದೋಷವೇ ಇಲ್ಲ. ಗಗನಯಾತ್ರಿಗಳಾದ ಬೋಮನ್ ಮತ್ತು ಪೂಲ್ ಒಂದು ಪಾಡ್‌ನೊಳಗೆ, ಎಂದರೆ ನೌಕೆಯಿಂದ ಹೊರಗೆ ಹೋಗಿಬರುವ ಪುಟ್ಟ ವಾಹನದೊಳಗೆ ಕುಳಿತು, ಹ್ಯಾಲ್‌ಗೆ ಕೇಳಿಸದಂತೆ ಮಾತನಾಡಿಕೊಳ್ಳುತ್ತಾರೆ. ಹ್ಯಾಲ್ ಅವರ ತುಟಿಯ ಚಲನೆಯನ್ನು ಓದಿಬಿಡುತ್ತದೆ. ಆಮೇಲೆ ಹೊರಗೆ ಹೋದ ಪೂಲ್‌ನನ್ನು ಕೊಲ್ಲುತ್ತದೆ. ಅವನನ್ನು ತರಲು ಬೋಮನ್ ಇನ್ನೊಂದು ಪಾಡ್ ಹತ್ತುತ್ತಾನೆ. ಹೆಲ್ಮೆಟ್ಟನ್ನು ತೆಗೆದುಕೊಳ್ಳದೇ ಹೋಗುತ್ತಾನೆ!

ಪ್ರತಿ ಸಲವೂ ಕೋಣೆಯಲ್ಲಿ ಗದ್ದಲವೇಳುವುದು ಇಲ್ಲಿಯೇ. ತರಬೇತಿ ಪಡೆದ ಗಗನಯಾತ್ರಿ ಹೆಲ್ಮೆಟ್ ಮರೆಯುತ್ತಾನೆಯೇ? ಅದೂ ಹ್ಯಾಲ್ ಮೇಲೆ ಅನುಮಾನ ಹುಟ್ಟಿದ ಮೇಲೆ? ಬೋಮನ್ ಪಾತ್ರ ಹಿಡಿದಿದ್ದ ವಿದ್ಯಾರ್ಥಿನಿ ತನ್ನ ಪುಟವನ್ನು ಓದಿದಳು. ನಡುವಿನ ಅಂಕಣದಲ್ಲಿ ಅವಳು ಬರೆದದ್ದು ಹೀಗಿತ್ತು: "ಹ್ಯಾಲ್ ಲೆಕ್ಕ ತಪ್ಪಬಹುದು. ನಾವು ಆಡಿದ ಮಾತು ಅದಕ್ಕೆ ಕೇಳಿಸಿಲ್ಲ. ಪೂಲ್‌ಗೆ ಏನಾಯಿತೆಂದು ಗೊತ್ತಿಲ್ಲ." ಬಲಗಡೆ ಒಂದೇ ಮಾತು: "ಪೂಲ್ ದೂರ ಹೋಗುತ್ತಿದ್ದಾನೆ, ಬೇಗ ಹಿಡಿಯಬೇಕು." ಅಷ್ಟು ಓದುವ ಹೊತ್ತಿಗೆ ಗದ್ದಲ ನಿಂತಿತು. ತುಟಿ ಓದಿದ್ದನ್ನು ಕಂಡವರು ನಾವು, ಬೋಮನ್ ಕಂಡಿಲ್ಲ. ತಪ್ಪು ಲೆಕ್ಕ ಹೇಳುವ ಯಂತ್ರ ಎಂಬ ಅನುಮಾನಕ್ಕೂ ಕೊಲೆ ಮಾಡುವ ಯಂತ್ರ ಎಂಬ ತಿಳಿವಳಿಕೆಗೂ ನಡುವೆ ಬಹಳ ದೂರವಿದೆ. ಆ ದೂರವನ್ನು ಬೋಮನ್ ದಾಟುವುದು ಬಾಗಿಲು ತೆರೆಯಲು ಹ್ಯಾಲ್ ನಿರಾಕರಿಸಿದಾಗ ಮಾತ್ರ. ಪಾಡ್‌ನಿಂದ ಹೊರಗಿಳಿಯುವ ಯೋಚನೆಯೇ ಇಲ್ಲದವನು ಅವಸರದಲ್ಲಿ ಹೆಲ್ಮೆಟ್ ಬಿಟ್ಟು ಹೋಗಿದ್ದರಲ್ಲಿ ನನಗೆ ಯಾವ ತೂತೂ ಕಾಣುವುದಿಲ್ಲ.

ಹ್ಯಾಲ್ ಪಾತ್ರದ ಪುಟವೂ ಅಷ್ಟೇ ಗಟ್ಟಿಯಾಗಿದೆ. ತುರ್ತು ಬಾಗಿಲೊಂದಿದೆ ಎಂಬುದು ಅದಕ್ಕೆ ಗೊತ್ತು, ಬೋಮನ್ ಬಳಿ ಹೆಲ್ಮೆಟ್ ಇಲ್ಲವೆಂಬುದೂ ಗೊತ್ತು. ಆದ್ದರಿಂದ ಆ ದಾರಿ ಮುಚ್ಚಿದೆ ಎಂದು ಅದು ಲೆಕ್ಕ ಹಾಕುತ್ತದೆ. ಮನುಷ್ಯನೊಬ್ಬ ಕೆಲವು ಸೆಕೆಂಡು ನಿರ್ವಾತಕ್ಕೆ ಮೈಯೊಡ್ಡಿ ಹಾರುತ್ತಾನೆ ಎಂಬುದು ಆ ಲೆಕ್ಕದಲ್ಲಿಲ್ಲ. ಇಲ್ಲಿ ವಿಜ್ಞಾನದ ಮೇಷ್ಟ್ರಾಗಿ ಒಂದು ಮಾತು ಹೇಳಲೇಬೇಕು. ನಿರ್ವಾತದಲ್ಲಿ ಮನುಷ್ಯ ಕ್ಷಣಮಾತ್ರದಲ್ಲಿ ಸಿಡಿದುಹೋಗುವುದಿಲ್ಲ. 1966ರಲ್ಲಿ ನಾಸಾದ ಹ್ಯೂಸ್ಟನ್ ಕೇಂದ್ರದ ನಿರ್ವಾತ ಕೊಠಡಿಯಲ್ಲಿ ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞರ ಉಡುಪಿನ ಗಾಳಿ ಸೋರಿಹೋಯಿತು. ಸುಮಾರು 14 ಸೆಕೆಂಡಿನಲ್ಲಿ ಅವರಿಗೆ ಎಚ್ಚರ ತಪ್ಪಿತು. ಒತ್ತಡ ಮರಳಿ ತುಂಬಿದ ಮೇಲೆ ಚೇತರಿಸಿಕೊಂಡರು. ಹೀಗಾಗಿ ಬೋಮನ್ ಬದುಕಿದ್ದು ಸರಿಯೇ. ಆದರೆ ಹಾರುವ ಮೊದಲು ಅವನು ಉಸಿರು ಬಿಗಿಹಿಡಿದಂತೆ ಕಾಣುತ್ತಾನೆ. ಶ್ವಾಸಕೋಶದಲ್ಲಿ ಗಾಳಿ ತುಂಬಿಕೊಂಡು ನಿರ್ವಾತಕ್ಕೆ ಹೋದರೆ ಆ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿದುಹಾಕುತ್ತದೆ. ಉಸಿರನ್ನು ಹೊರಗೆ ಬಿಟ್ಟಿರಬೇಕಿತ್ತು. ಇದು ವಿಜ್ಞಾನದ ತಪ್ಪು. ಕಥೆಗೆ ಇದರಿಂದ ಕೂದಲೆಳೆಯಷ್ಟೂ ಪೆಟ್ಟಾಗುವುದಿಲ್ಲ. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕುವವರೊಂದಿಗೆ ನಾನು ಗಟ್ಟಿಯಾಗಿಯೇ ಜಗಳವಾಡುತ್ತೇನೆ.

ರಿಡ್ಲಿ ಸ್ಕಾಟ್ ಅವರ 'ಏಲಿಯನ್' (1979) ಇನ್ನೊಂದು ಪಾಠ ಕಲಿಸಿತು: ತೂತಿನಂತೆ ಕಂಡದ್ದು ಸುಳಿವೂ ಆಗಿರಬಹುದು. ಮುಖಕ್ಕೆ ಪರಗ್ರಹದ ಜೀವಿ ಅಂಟಿಕೊಂಡ ಸಹೋದ್ಯೋಗಿ ಕೇನ್‌ನನ್ನು ಬಾಹ್ಯಾಕಾಶ ಹಡಗಿಗೆ ಹೊತ್ತು ತಂದಾಗ, 24 ಗಂಟೆ ಪ್ರತ್ಯೇಕವಾಗಿ ಇರಿಸುವ ನಿಯಮ ಹೇಳಿ ನಾಯಕಿ ರಿಪ್ಲಿ ಬಾಗಿಲು ತೆರೆಯಲು ಒಪ್ಪುವುದಿಲ್ಲ. ವಿಜ್ಞಾನದ ಅಧಿಕಾರಿ ಆ್ಯಶ್ ತೆರೆದುಬಿಡುತ್ತಾನೆ. ನಿಯಮ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಾದವನೇ ಅದನ್ನು ಮುರಿದರೆ ಬರೆದವರು ಅಸಡ್ಡೆ ಮಾಡಿದ್ದಾರೆ ಎಂದು ಅನ್ನಿಸುವುದು ಸಹಜ. ಆ್ಯಶ್ ಪುಟದಲ್ಲಿ 'ಬೇಕಾಗಿರುವುದು' ಎಂಬ ಅಂಕಣ ಆ ದೃಶ್ಯದಲ್ಲಿ ಖಾಲಿ ಉಳಿಯುತ್ತದೆ. ಅವನ ಮುಂದಿನ ದೃಶ್ಯಗಳಲ್ಲಿಯೂ ಹಾಗೆಯೇ. ಅವನು ಕಂಪನಿಯ ಆಜ್ಞೆ ಪಾಲಿಸುವ ಯಂತ್ರಮಾನವ, ಜೀವಿಯನ್ನು ಭೂಮಿಗೆ ತಲುಪಿಸುವುದೇ ಅವನ ಕೆಲಸ, ಸಿಬ್ಬಂದಿ ಸತ್ತರೂ ಚಿಂತೆಯಿಲ್ಲ ಎಂಬುದು ಬಯಲಾದಾಗ ಅಷ್ಟೂ ಖಾಲಿ ಜಾಗಗಳು ಒಟ್ಟಿಗೆ ತುಂಬುತ್ತವೆ. ನಾಟಕ ಬರೆಯುವವನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಅದೇ ಚಿತ್ರದಲ್ಲಿ ಹಡಗಿನ ಸಿಬ್ಬಂದಿ ಬ್ರೆಟ್ ಒಬ್ಬನೇ ಬೆಕ್ಕನ್ನು ಹುಡುಕಿಕೊಂಡು ಹೋಗುವುದನ್ನು ಮೂರ್ಖತನ ಎನ್ನುವವರು ಬಹಳ. ಅವನು ಕಂಡಿದ್ದ ಜೀವಿ ಊಟದ ಮೇಜಿನ ಮೇಲೆ ಹೊರಬಿದ್ದ ಗೇಣುದ್ದದ್ದು. ಅದು ಆಳೆತ್ತರಕ್ಕೂ ಮೀರಿ ಬೆಳೆದಿದೆ ಎಂಬುದು ಹಡಗಿನಲ್ಲಿ ಯಾರಿಗೂ ತಿಳಿದಿಲ್ಲ. ಬೆಕ್ಕನ್ನು ಹಿಡಿಯದಿದ್ದರೆ ಚಲನೆ ಪತ್ತೆ ಮಾಡುವ ಉಪಕರಣ ಮತ್ತೆ ಅದನ್ನೇ ತೋರಿಸಿ ದಾರಿ ತಪ್ಪಿಸುತ್ತದೆ. ಇಷ್ಟು ಬರೆದುಕೊಂಡರೆ ಬ್ರೆಟ್ ಮೂರ್ಖನಾಗಿ ಉಳಿಯುವುದಿಲ್ಲ.

ಹಾಗೆಂದು ಎಲ್ಲ ಪಾತ್ರಗಳೂ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. 1968ರ 'ಪ್ಲಾನೆಟ್ ಆಫ್ ದಿ ಏಪ್ಸ್' ನನಗೆ ಬಹಳ ಇಷ್ಟದ ಚಿತ್ರ. ಅದರ ನಾಯಕ ಟೇಲರ್ ಮಾತ್ರ ನಮ್ಮ ನೋಟ್‌ಬುಕ್ಕಿನಲ್ಲಿ ಸೋತ. ಭೂಮಿಯಿಂದ 320 ಜ್ಯೋತಿರ್ವರ್ಷ ದೂರದ ಯಾವುದೋ ಗ್ರಹಕ್ಕೆ ಬಂದಿದ್ದೇನೆ ಎಂದು ಅವನು ನಂಬಿದ್ದಾನೆ. ಅಲ್ಲಿ ಕುದುರೆಗಳಿವೆ, ಮನುಷ್ಯರಿದ್ದಾರೆ, ಮಂಗಗಳು ಇಂಗ್ಲಿಷ್ ಮಾತನಾಡುತ್ತವೆ. ಗಂಟಲಿಗೆ ಗಾಯವಾಗಿ ಮಾತು ನಿಂತಾಗ ಅವನು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಾನೆ, ಜೀರಾ ಎಂಬ ಚಿಂಪಾಂಜಿ ವಿಜ್ಞಾನಿ ಸರಾಗವಾಗಿ ಓದುತ್ತಾಳೆ. ಲಿಪಿಯೂ ಅದೇ! ಪಂಜರದಲ್ಲಿರುವಷ್ಟು ಕಾಲ ಪ್ರಾಣ ಉಳಿಸಿಕೊಳ್ಳುವುದೇ ದೊಡ್ಡದು, ಕೇಳಲು ಪುರುಸೊತ್ತಿಲ್ಲ ಎನ್ನೋಣ. ಮಾತು ಮರಳಿದ ಮೇಲೂ, ಜೀರಾ ಮತ್ತು ಕಾರ್ನೀಲಿಯಸ್ ಜೊತೆ ಇತಿಹಾಸದ ಬಗ್ಗೆ ಚರ್ಚಿಸುವಾಗಲೂ, ನನ್ನ ಭಾಷೆ ನಿಮಗೆ ಹೇಗೆ ಬಂತು ಎಂದು ಅವನು ಒಮ್ಮೆಯೂ ಕೇಳುವುದಿಲ್ಲ.

ಆದರೂ ಕೊನೆಯಲ್ಲಿ ಲಿಬರ್ಟಿ ಪ್ರತಿಮೆ ಕಂಡು, ಅದು ಭೂಮಿಯೇ ಎಂದು ಗೊತ್ತಾದಾಗ ನಾವು ಬೆಚ್ಚುತ್ತೇವೆ. ಯಾಕೆ? ನಾವೂ ಕೇಳಿರುವುದಿಲ್ಲ. ನಮ್ಮ ಪೌರಾಣಿಕ ಚಿತ್ರಗಳಲ್ಲಿ ಲಂಕೆಯ ರಾವಣ ಅಚ್ಚ ಕನ್ನಡ ಮಾತನಾಡುತ್ತಾನೆ, ನಮ್ಮ ಕೋಟೆಯ ನಾಟಕಗಳಲ್ಲಿ ಹೈದರಾಲಿಯ ಸೈನಿಕರೂ ಕನ್ನಡದಲ್ಲಿಯೇ ಪಿಸುಗುಟ್ಟುತ್ತಾರೆ. ಅದು ನೋಡುಗರಿಗೂ ರಂಗಕ್ಕೂ ನಡುವಿನ ಒಪ್ಪಂದ. ಅಮೆರಿಕದ ಪ್ರೇಕ್ಷಕರಿಗೂ ಅಂಥದ್ದೇ ಒಪ್ಪಂದವಿತ್ತು. ಪರಗ್ರಹದವರು ಇಂಗ್ಲಿಷ್ ಆಡುವುದು ಅವರಿಗೆ ಮಾಮೂಲು. ಆ ಮಾಮೂಲಿನ ಮರೆಯಲ್ಲಿ ಚಿತ್ರ ತನ್ನ ಗುಟ್ಟನ್ನು ಎಲ್ಲರ ಕಣ್ಣೆದುರೇ ಇಟ್ಟಿತು. ಪಾತ್ರದ ತೂತು, ಚಿತ್ರದ ಜಾಣ್ಮೆ, ಎರಡೂ ಒಂದೇ ಜಾಗದಲ್ಲಿವೆ. ಟೇಲರ್‌ನನ್ನು ಫೇಲು ಮಾಡಿ ಚಿತ್ರವನ್ನು ಪಾಸು ಮಾಡುವುದರಲ್ಲಿ ನನಗೆ ಯಾವ ಅಳುಕೂ ಇಲ್ಲ.

ನಾನು ಸುಲಭವಾಗಿ ಮಾಫಿ ಮಾಡದ ತಪ್ಪು ಬೇರೆಯೇ ಇದೆ. ಕಥೆ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮರೆಯುವುದು. ಜೇಮ್ಸ್ ಕ್ಯಾಮರೂನ್ ಅವರ 'ದಿ ಟರ್ಮಿನೇಟರ್' (1984) ಕಾಲಪ್ರಯಾಣಕ್ಕೆ ಒಂದು ನಿಯಮ ಹೇಳುತ್ತದೆ: ಜೀವಂತ ದೇಹ ಮಾತ್ರ ದಾಟಬಲ್ಲದು, ಬಟ್ಟೆ ಆಯುಧ ಏನೂ ಬರುವುದಿಲ್ಲ. ಸಾರಾ ಕಾನರ್ ಎಂಬವಳನ್ನು ಕೊಲ್ಲಲು ಭವಿಷ್ಯದಿಂದ ಕಳುಹಿಸಿದ ಲೋಹದ ಯಂತ್ರ ಬಂದದ್ದು ಹೇಗೆಂದರೆ ಅದರ ಸುತ್ತ ಜೀವಂತ ಮಾಂಸವಿದೆ. ಒಳ್ಳೆಯ ಉತ್ತರ. ಯಂತ್ರ ದೂರವಾಣಿ ಪುಸ್ತಕ ಹರಿದು ಆ ಹೆಸರಿನವರನ್ನೆಲ್ಲ ಸಾಲಾಗಿ ಕೊಲ್ಲುವುದಕ್ಕೂ ಕಾರಣ ಕೊಟ್ಟಿದ್ದಾರೆ: ಯುದ್ಧದಲ್ಲಿ ದಾಖಲೆಗಳು ನಾಶವಾಗಿ ಹೆಸರು ಮತ್ತು ಊರು ಮಾತ್ರ ಉಳಿದಿವೆ. 1991ರ ಎರಡನೆಯ ಭಾಗದಲ್ಲಿ ಬರುವ ಟಿ-1000 ಪೂರ್ತಿ ದ್ರವಲೋಹದ್ದು. ಮೇಲೆ ಮಾಂಸವಿಲ್ಲ. ಅದು ಹೇಗೆ ದಾಟಿತು ಎಂಬುದಕ್ಕೆ ಚಿತ್ರದಲ್ಲಿ ಒಂದು ಮಾತೂ ಇಲ್ಲ. 1956ರ 'ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್' ಕೂಡ ಹೀಗೆಯೇ: ಬೀಜಕೋಶದೊಳಗೆ ಬೇರೊಂದು ದೇಹ ಬೆಳೆದು ಮನುಷ್ಯನ ಜಾಗ ಹಿಡಿಯುತ್ತದೆ ಎಂದು ಚಿತ್ರವಿಡೀ ತೋರಿಸಿ, ನಾಯಕಿ ಬೆಕಿ ಸುರಂಗದಲ್ಲಿ ಕಣ್ಣು ಮುಚ್ಚಿದ್ದೇ ತಡ, ಹತ್ತಿರದಲ್ಲಿ ಕೋಶವೇ ಇಲ್ಲದೆ ಅವಳು ಬದಲಾಗಿಬಿಡುತ್ತಾಳೆ. ಪ್ರಕೃತಿಯ ನಿಯಮ ಮುರಿದರೆ ಅದು ಕಲ್ಪನೆ. ಸ್ವಂತ ನಿಯಮ ಮುರಿದರೆ ನಂಬಿಕೆದ್ರೋಹ.

ತಪ್ಪು ಹೊರಿಸುವ ಮೊದಲು ಯಾವ ಪ್ರತಿಯನ್ನು ನೋಡುತ್ತಿದ್ದೇವೆ ಎಂಬುದನ್ನೂ ನೋಡಿಕೊಳ್ಳಬೇಕು. 'ಬ್ಲೇಡ್ ರನ್ನರ್' 1982ರಲ್ಲಿ ಬಿಡುಗಡೆಯಾದಾಗ, ತಪ್ಪಿಸಿಕೊಂಡ ಕೃತಕ ಮಾನವರು ಆರು, ಸತ್ತದ್ದು ಒಂದು ಎಂದು ಪೊಲೀಸ್ ಅಧಿಕಾರಿ ಹೇಳುತ್ತಾನೆ. ಐದು ಉಳಿಯಬೇಕು, ಪರದೆಯ ಮೇಲೆ ಬರುವುದು ನಾಲ್ಕೇ. ಬರೆದಿದ್ದ ಒಂದು ಪಾತ್ರವನ್ನು ಕೈಬಿಟ್ಟಿದ್ದರು, ಸಂಭಾಷಣೆ ಹಾಗೆಯೇ ಉಳಿದಿತ್ತು. 2007ರ ಅಂತಿಮ ಆವೃತ್ತಿಯಲ್ಲಿ ಸತ್ತದ್ದು ಎರಡು ಎಂದು ತಿದ್ದಿದರು. ಫ್ರಿಟ್ಜ್ ಲಾಂಗ್ ಅವರ 'ಮೆಟ್ರೋಪೊಲಿಸ್' (1927) ಕಥೆ ಇನ್ನೂ ನೋವಿನದು. ವಿಜ್ಞಾನಿ ರೋಟ್ವಾಂಗ್‌ಗೆ ನಗರದ ಒಡೆಯನ ಮೇಲೆ ಯಾಕಿಷ್ಟು ದ್ವೇಷ ಎಂಬುದು ದಶಕಗಳ ಕಾಲ ನೋಡುಗರಿಗೆ ಅರ್ಥವಾಗುತ್ತಿರಲಿಲ್ಲ. ಇಬ್ಬರೂ ಪ್ರೀತಿಸಿದ್ದ ಹೆಲ್ ಎಂಬ ಹೆಣ್ಣಿನ ಭಾಗವನ್ನೇ ಕತ್ತರಿಸಿ ಹಾಕಿದ್ದರು. 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹೆಚ್ಚು ಉದ್ದದ ಪ್ರತಿಯೊಂದು ಸಿಕ್ಕಿ, 2010ರಲ್ಲಿ ಚಿತ್ರ ಬಹುಮಟ್ಟಿಗೆ ಮೊದಲಿನಂತಾಯಿತು. ಅಷ್ಟು ವರ್ಷ ಜನ ಲಾಂಗ್ ಅವರ ತಲೆಗೆ ಕಟ್ಟಿದ್ದ ತೂತನ್ನು ಕೊರೆದದ್ದು ಕತ್ತರಿ.

ಜಾಗದ ಲೆಕ್ಕವನ್ನು ಮಾತಿನಲ್ಲಿ ಬಗೆಹರಿಸಲು ಆಗುವುದಿಲ್ಲ, ಬರೆದೇ ನೋಡಬೇಕು. 'ಜುರಾಸಿಕ್ ಪಾರ್ಕ್' (1993) ನೋಡಿದ ಮೇಲೆ ಮಹಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ರಸ್ತೆ, ಬೇಲಿ, ಮೇಕೆ ಕಟ್ಟಿದ ಜಾಗ, ಎರಡು ವಾಹನ ಎಲ್ಲವನ್ನೂ ಬರೆದೆವು. ಟಿರನೊಸಾರಸ್ ಎಂಬ ದೈತ್ಯ ಡೈನೊಸಾರ್ ರಸ್ತೆಯ ಮಟ್ಟದಲ್ಲಿಯೇ ಬೇಲಿ ಹರಿದು ಹೊರಗೆ ನಡೆದುಬರುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಬೇಲಿಯ ಆಚೆ ವಾಹನ ಮರವೊಂದರ ಮೇಲೆ ಬೀಳುವಷ್ಟು ಆಳದ ಕಂದಕ! ಬೇಲಿಯ ಉದ್ದಕ್ಕೂ ನೆಲ ಒಂದೇ ಮಟ್ಟದಲ್ಲಿ ಇರಬೇಕಿಲ್ಲ ಎಂದು ಒಬ್ಬರು ವಾದಿಸಿದರು. ವಾಹನಗಳು ಜರುಗಿದ ದೂರವನ್ನು ಹೆಜ್ಜೆಯಲ್ಲಿ ಅಳೆದು ತೋರಿಸಿದಾಗ ಅವರ ದನಿ ತಗ್ಗಿತು.

ದುರ್ಗದವರಿಗೆ ಈ ಅಳತೆಯ ಬುದ್ಧಿ ಹೊಸದೇನಲ್ಲ. ಒನಕೆ ಓಬವ್ವನ ಕಿಂಡಿಗೆ ಕರೆದೊಯ್ದ ನೆಂಟರೆಲ್ಲ ಮೊದಲು ಕೇಳುವುದು, ಒಬ್ಬ ಹೆಂಗಸು ಅಷ್ಟು ಸೈನಿಕರನ್ನು ಕೊಂದದ್ದು ಹೇಗೆ ಎಂದು. ನಾನು ಉತ್ತರ ಹೇಳುವುದಿಲ್ಲ, ಕಿಂಡಿಯೊಳಗೆ ನುಸುಳಿ ಬನ್ನಿ ಎನ್ನುತ್ತೇನೆ. ಒಬ್ಬೊಬ್ಬರಾಗಿ, ತಲೆ ಬಗ್ಗಿಸಿ, ಮುಂದೆ ಏನಿದೆಯೆಂದು ಕಾಣದೆ ಬರಬೇಕು. ಗಂಡ ಊಟಕ್ಕೆ ಕುಳಿತಿದ್ದಾನೆ, ನೀರಿಗೆ ಬಂದವಳ ಕೈಗೆ ಸಿಕ್ಕಿದ್ದು ಒನಕೆ. ಜಾಗವೇ ಅವಳ ಪರ ಸಾಕ್ಷಿ ಹೇಳುತ್ತದೆ.

'ಸ್ಟಾರ್ ವಾರ್ಸ್' (1977) ಬಗ್ಗೆ ನಮ್ಮಲ್ಲಿ ಇನ್ನೂ ಒಮ್ಮತವಿಲ್ಲ. ಜೀವಿಗಳಿಲ್ಲ ಎಂಬ ಕಾರಣಕ್ಕೆ ಸಾಮ್ರಾಜ್ಯದ ಸೈನಿಕರು ತುರ್ತು ನೌಕೆಯೊಂದನ್ನು ಹೊಡೆಯದೆ ಬಿಡುವುದನ್ನು ಎಲ್ಲರೂ ಹಾಸ್ಯ ಮಾಡುತ್ತಾರೆ. ಆದರೆ ಬಂಡಾಯಗಾರರು ಕದ್ದ ಯುದ್ಧನೆಲೆಯ ನಕ್ಷೆಗಳು ಅದರಲ್ಲಿಯೇ ಇರಬೇಕೆಂದು ಅವರ ಮೇಲಧಿಕಾರಿ ಡಾರ್ತ್ ವೇಡರ್ ಸ್ವಲ್ಪ ಹೊತ್ತಿನಲ್ಲಿಯೇ ಊಹಿಸಿ ಪಡೆಯನ್ನು ಕಳುಹಿಸುತ್ತಾನೆ. ಕೆಳಗಿನವನ ಉಪೇಕ್ಷೆಯನ್ನು ಮೇಲಿನವನು ಸರಿಪಡಿಸುವುದು ಯಾವ ಸೈನ್ಯದಲ್ಲಿಯೂ ನಡೆಯುವಂಥದ್ದು. ನನ್ನ ತಕರಾರು ಬಂಡಾಯಗಾರರ ನಾಯಕಿ ಲಿಯಾ ಬಗ್ಗೆ. ಸೆರೆಯಿಂದ ತಪ್ಪಿಸಿಕೊಂಡ ಮೇಲೆ, ನಮ್ಮನ್ನು ಬೇಕೆಂದೇ ಬಿಟ್ಟಿದ್ದಾರೆ, ಹಿಂಬಾಲಿಸುತ್ತಿದ್ದಾರೆ ಎಂದು ಅವಳೇ ಹೇಳುತ್ತಾಳೆ. ಹೇಳಿದ ಮೇಲೂ ನೇರವಾಗಿ ತನ್ನವರ ಗುಪ್ತ ನೆಲೆಗೇ ಹೋಗುತ್ತಾಳೆ. ನಕ್ಷೆ ಬೇಗ ತಲುಪಬೇಕಿತ್ತು, ಬೇರೆ ದಾರಿ ಇರಲಿಲ್ಲ ಎಂದು ಗೆಳೆಯರು ಅವಳ ಪರ ನಿಲ್ಲುತ್ತಾರೆ. ಇರಬಹುದು. ಹಾಗಿದ್ದರೆ ನಡುವೆ ಹಡಗು ಬದಲಿಸಲು ಹೊತ್ತಿಲ್ಲ ಎಂಬ ಒಂದು ಸಾಲು ಅವಳ ಬಾಯಲ್ಲಿ ಬರಬೇಕಿತ್ತು. ಅಷ್ಟು ಚುರುಕಿನ ಹೆಣ್ಣಿಗೆ ಆ ಸಾಲನ್ನು ಕೊಡದೇ ಹೋದದ್ದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಇದೆಲ್ಲ ನನ್ನ ನಾಟಕಕ್ಕೆ ಹೇಗೆ ಒದಗಿತು ಎಂಬುದನ್ನೂ ಹೇಳುತ್ತೇನೆ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಸಂಸ್ಥೆ ಚಂದ್ರನ ನೆಲದಂಥ ಕುಳಿಗಳನ್ನು ತೋಡಿಸಿ ಲ್ಯಾಂಡರ್‌ನ ಸಂವೇದಕಗಳನ್ನು ಪರೀಕ್ಷಿಸಿತ್ತು. ಅದನ್ನು ಹಿನ್ನೆಲೆಯಾಗಿಟ್ಟು, ಮೇಕೆ ಮೇಯಿಸುವ ಹುಡುಗಿಗೆ ದಾರಿ ತಪ್ಪಿದ ಪುಟ್ಟ ರೋವರ್ ಸಿಗುವ ನಾಟಕ ಬರೆದೆ. ತಾಲೀಮಿನಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಅವಳ ಹತ್ತಿರ ಮೊಬೈಲ್ ಇದೆಯಲ್ಲ, ಯಾರಿಗೂ ಯಾಕೆ ಹೇಳುವುದಿಲ್ಲ?" ಇಂದಿನ ಕಥೆಗಳಿಗೆಲ್ಲ ಮೊಬೈಲೇ ದೊಡ್ಡ ಪರೀಕ್ಷೆ. ಸಿಗ್ನಲ್ ಇಲ್ಲ, ಚಾರ್ಜ್ ಮುಗಿದಿದೆ ಎಂದುಬಿಡಬಹುದು. ಆ ಉತ್ತರ ಪಾತ್ರದಿಂದ ಬರುವುದಿಲ್ಲ, ಬರೆಯುವವನ ಅನುಕೂಲದಿಂದ ಬರುತ್ತದೆ. ಹುಡುಗಿಯ ಪಾತ್ರ ಮಾಡುತ್ತಿದ್ದವಳಿಗೆ ಅದೇ ಅಂಕಣಗಳನ್ನು ಕೊಟ್ಟು ತುಂಬಲು ಹೇಳಿದೆ. ಮರುದಿನ ಅವಳು ಬರೆದುಕೊಂಡು ಬಂದಳು: "ಕಾವಲಿಗೆ ಹೋಗಬೇಡ ಎಂದು ಅಜ್ಜಿ ಹೇಳಿದ್ದಾಳೆ. ಒಂದು ಮೇಕೆ ಕಳೆದುಹೋಗಿದೆ. ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ ಎಲ್ಲಿದ್ದೀಯ ಎಂದು." ನಾಟಕಕ್ಕೆ ಬೇಕಾಗಿದ್ದ ಎರಡನೆಯ ದೃಶ್ಯ ಆ ಮೂರು ಸಾಲಿನಲ್ಲಿತ್ತು. ಫೋನ್ ಅವಳ ಕೈಯಲ್ಲಿಯೇ ಇರುತ್ತದೆ, ಬಡಿದುಕೊಳ್ಳುತ್ತಲೇ ಇರುತ್ತದೆ, ಅವಳು ಎತ್ತುವುದಿಲ್ಲ. ಸಭೆಯಲ್ಲಿದ್ದ ಒಬ್ಬ ತಾಯಿಗೂ ಯಾಕೆ ಎಂಬ ಪ್ರಶ್ನೆ ಏಳಲಿಲ್ಲ.

ನೀವೂ ಈ ಅಭ್ಯಾಸ ಶುರುಮಾಡುವುದಾದರೆ ರಾಬರ್ಟ್ ವೈಸ್ ಅವರ 1951ರ 'ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್' ಚಿತ್ರದಿಂದ ಆರಂಭಿಸಿ. ಉದ್ದ ಒಂದೂವರೆ ಗಂಟೆ ಅಷ್ಟೇ. ಪರಗ್ರಹದಿಂದ ಬಂದ ಕ್ಲಾಟು ತನ್ನ ಶಕ್ತಿ ತೋರಿಸಲು ಜಗತ್ತಿನ ವಿದ್ಯುತ್ತನ್ನೆಲ್ಲ ಅರ್ಧ ಗಂಟೆ ನಿಲ್ಲಿಸುತ್ತಾನೆ, ಆಸ್ಪತ್ರೆಗಳನ್ನೂ ಹಾರುತ್ತಿರುವ ವಿಮಾನಗಳನ್ನೂ ಬಿಟ್ಟು. ಯಾರನ್ನೂ ಕೊಲ್ಲದೆ ಎಚ್ಚರಿಸಲು ಬಂದವನು ಹಾಗೆಯೇ ಮಾಡಬೇಕು. ಆ ಒಂದು ವಿನಾಯಿತಿಯಲ್ಲಿ ಇಡೀ ಪಾತ್ರವಿದೆ. ಅದೇ ಚಿತ್ರದಲ್ಲಿ, ಬಂದಿಳಿದ ದಿನವೇ ಟ್ಯಾಂಕುಗಳನ್ನು ಕರಗಿಸಿದ ರೋಬೋ ನಿಂತಿರುವ ನೌಕೆಗೆ ರಾತ್ರಿ ಕಾವಲು ಇಬ್ಬರೇ ಸೈನಿಕರು. ಅವರನ್ನು ಅಲ್ಲಿ ನಿಲ್ಲಿಸಿದ ಅಧಿಕಾರಿಯ ಹೆಸರಿಗೆ ಒಂದು ಪುಟ ತೆರೆದು, ಆ ರಾತ್ರಿ ಅವನಿಗೆ ಏನು ಗೊತ್ತಿತ್ತು, ಏನು ಬೇಕಿತ್ತು ಎಂಬ ಎರಡೂ ಅಂಕಣಗಳನ್ನು ತುಂಬಲು ನೋಡಿ.